ಮೊದಲ ವರ್ಷ ಅರಳಿದ ಟುಲಿಪ್ ಎರಡನೆಯ ವರ್ಷ ಬರೀ ಎಲೆ ಬಿಡುವುದೇಕೆ?

ನ್ಯೂಜೆರ್ಸಿಯ ನಿಮ್ಮ ಹಿತ್ತಲಿನಲ್ಲಿ ಕಳೆದ ವಸಂತದಲ್ಲಿ ಸೊಗಸಾಗಿ ಅರಳಿದ ಟುಲಿಪ್ ಗೆಡ್ಡೆಗಳು ಈ ವರ್ಷ ಒಂದೊಂದು ಅಗಲವಾದ ಎಲೆಯನ್ನಷ್ಟೇ ಬಿಟ್ಟಿವೆ, ಆರೈಕೆಯಲ್ಲಿ ತಪ್ಪಿದ್ದೆಲ್ಲಿ ಎಂದು ಕೇಳಿದ್ದೀರಿ. ಇದೇ ರಾಜ್ಯದಲ್ಲಿ 11 ವರ್ಷಗಳಿಂದ ಟುಲಿಪ್ ಬೆಳೆಯುತ್ತಿರುವ ನನಗೆ ಆ ಒಂಟಿ ಎಲೆಯನ್ನು ಕಂಡರೆ ಈಗಲೂ ಸಂಕಟವಾಗುತ್ತದೆ. ಆದರೆ ತಪ್ಪು ಬಹುಮಟ್ಟಿಗೆ ನಿಮ್ಮದಲ್ಲ.

ಟುಲಿಪ್‌ನ ತವರು ಮಧ್ಯ ಏಷ್ಯಾದ ತಿಯಾನ್ ಶಾನ್, ಪಾಮಿರ್ ಬೆಟ್ಟಗಳ ಸೀಮೆ. ಅಲ್ಲಿ ಚಳಿಗಾಲ ಕಡುಚಳಿಯದು, ಬೇಸಿಗೆ ಒಣ ಹವೆಯದು. ಹೂವಿಗೆ ಬೇಕಾದ 12ರಿಂದ 16 ವಾರಗಳ ಚಳಿ ನಮ್ಮಲ್ಲಿ ತಾನಾಗಿಯೇ ಸಿಗುತ್ತದೆಯಾದರೂ, ಜುಲೈ, ಆಗಸ್ಟ್ ತಿಂಗಳ ಮಳೆ ಮತ್ತು ಸೆಕೆಯಲ್ಲಿ ಗೆಡ್ಡೆಗಳು ಮಣ್ಣಿನೊಳಗೇ ಕೊಳೆಯುತ್ತವೆ. ಅಲ್ಲದೆ, ನೆಟ್ಟ ಗೆಡ್ಡೆ ಹೂ ಬಿಟ್ಟ ವರ್ಷವೇ ಸವೆದುಹೋಗಿ ಅದರ ಜಾಗದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ಅವು ಸಾಕಷ್ಟು ದಪ್ಪವಾಗದಿದ್ದರೆ ಎಲೆಯೊಂದನ್ನೇ ಬಿಡುತ್ತವೆ. ಆದ್ದರಿಂದ ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲೇ ಚಿವುಟಿ, ಎಲೆಗಳನ್ನು ಮಾತ್ರ ತಾವಾಗಿಯೇ ಹಳದಿಯಾಗುವ ತನಕ, ಅಂದರೆ ಸುಮಾರು 6 ವಾರ, ಹಾಗೆಯೇ ಬಿಡಿ.

ಮಲೆನಾಡಿನ ನಮ್ಮ ಮನೆಯಲ್ಲಿ ಅಮ್ಮ ಡೇರೆ (ಡೇಲಿಯಾ) ಹೂವಿನ ಗೆಡ್ಡೆಗಳನ್ನು ಕಿತ್ತು, ಮುಂದಿನ ಮಳೆಗಾಲದವರೆಗೆ ಜೋಪಾನವಾಗಿ ತೆಗೆದಿಡುತ್ತಿದ್ದರು. ನಾನೂ ಜೂನ್ ಕೊನೆಯಲ್ಲಿ ಟುಲಿಪ್ ಗೆಡ್ಡೆಗಳನ್ನು ಕಿತ್ತು, ಬಲೆಯ ಚೀಲದಲ್ಲಿ ಹಾಕಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ, ನವೆಂಬರ್‌ನಲ್ಲಿ 15ರಿಂದ 20 ಸೆಂಟಿಮೀಟರ್ ಆಳಕ್ಕೆ ಮತ್ತೆ ನೆಡುತ್ತೇನೆ. ಇಷ್ಟು ಮಾಡಿದರೂ ಎಲ್ಲವೂ ಹೂ ಬಿಡುವುದಿಲ್ಲ. ಪ್ರತಿವರ್ಷದ ಹೂವೇ ಮುಖ್ಯವೆಂದಾದರೆ ಡಾರ್ವಿನ್ ಹೈಬ್ರಿಡ್ ತಳಿಗಳನ್ನೋ, ಟಾರ್ಡಾದಂತಹ ಗಿಡ್ಡ ಕಾಡು ಜಾತಿಗಳನ್ನೋ ಆರಿಸಿಕೊಳ್ಳಿ.

ಗೆಡ್ಡೆ ನೆಟ್ಟ ಜಾಗದ ಮೇಲೆ ಹಾಸಿದ ತಂತಿಯ ಜಾಲರಿ, ಅವನ್ನು ಅಗೆದು ತೆಗೆಯುವ ಅಳಿಲುಗಳನ್ನು ತಡೆಯುತ್ತದೆ. ಮೊಗ್ಗು ತಿನ್ನುವ ಜಿಂಕೆಗಳನ್ನು ತಡೆಯಲು ಎತ್ತರದ ಬೇಲಿಯೇ ಬೇಕು. ವಿಷದ ಅಂಶವಿರುವ ಡ್ಯಾಫೊಡಿಲ್ ಅನ್ನು ಸುತ್ತ ನೆಟ್ಟರೆ ಸಾಕೆಂದು ನಂಬಿದ್ದ ನಾನು, ಒಂದು ಏಪ್ರಿಲ್ ಮುಂಜಾನೆ ಹೊರಗೆ ಬಂದಾಗ ಡ್ಯಾಫೊಡಿಲ್‌ಗಳೆಲ್ಲ ನಗುತ್ತಿದ್ದವು, ಅವುಗಳ ನಡುವೆ ಅಂದೇ ಅರಳಬೇಕಿದ್ದ ನಲವತ್ತು ಟುಲಿಪ್ ಮೊಗ್ಗುಗಳಲ್ಲಿ ಒಂದೂ ಉಳಿದಿರಲಿಲ್ಲ. ಆ ದಿನ ಅತ್ತಿದ್ದೆ.

ಆದರೂ ಬಿಸಿಲೇರಿದಂತೆ ಬಟ್ಟಲಿನಂತೆ ತೆರೆದು ಸಂಜೆಗೆ ಮತ್ತೆ ಮುಚ್ಚಿಕೊಳ್ಳುವ, ಕೊಯ್ದು ಹೂದಾನಿಯಲ್ಲಿಟ್ಟ ಮೇಲೂ ಬೆಳಕಿನತ್ತ ಬಾಗುತ್ತ ಬೆಳೆಯುವ ಹೂವನ್ನು ನೋಡಿದವರಿಗೆ ನವೆಂಬರ್‌ನಲ್ಲಿ ಗುದ್ದಲಿ ಹಿಡಿಯದೆ ಇರಲಾಗುವುದಿಲ್ಲ. ನಿಮ್ಮ ಒಂಟಿ ಎಲೆಯ ಗೆಡ್ಡೆಗಳನ್ನು ಎಸೆಯಬೇಡಿ; ನೀರು ನಿಲ್ಲದ, ಬಿಸಿಲು ಬೀಳುವ ಮೂಲೆಯೊಂದರಲ್ಲಿ ನೆಟ್ಟಿಡಿ. ನನ್ನಲ್ಲಿ ಅಂಥವುಗಳಲ್ಲಿ ಕೆಲವು ಎರಡು ವರ್ಷ ಕಾದು ಮತ್ತೆ ಹೂ ಬಿಟ್ಟಿವೆ.