ಸಂಪಾದಕರ ಉತ್ತರ: ಎಪಿಪಿಯ ಏಳು ವರ್ಷ

ಮಾನ್ಯರೇ,

ನಿಮ್ಮ ಮಗಳಿಗೆ 33 ವರ್ಷ; ಮೂರು ವರ್ಷ ವಕೀಲಿಕೆ ಮಾಡಿ, ನಾಲ್ಕೂವರೆ ವರ್ಷದಿಂದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕಿ) ಆಗಿದ್ದಾರೆ ಎಂದು ಬರೆದಿದ್ದೀರಿ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಜಿ ಹಾಕಬಹುದೇ, ಮುಂದೆ ಹೈಕೋರ್ಟ್ ತಲುಪಬಹುದೇ ಎಂಬುದು ನಿಮ್ಮ ಪ್ರಶ್ನೆ. ಸರ್ಕಾರಿ ಸಂಬಳ ಕೈಗೆ ಬಂದ ದಿನವೇ ವಕೀಲಿಕೆ ಮುಗಿಯಿತು ಎಂದು ಯಾರೋ ಹೆದರಿಸಿದ್ದಾರಂತೆ.

ಆ ಮಾತು ಬಿಡಿ. ಸಂವಿಧಾನದ 233(2)ನೇ ವಿಧಿ ಕೇಳುವುದು ಏಳು ವರ್ಷದ ವಕೀಲಿಕೆ. ಈಗಾಗಲೇ ಸರ್ಕಾರದ ಸೇವೆಯಲ್ಲಿ ಇಲ್ಲದವರಿಗೆ ಎಂಬ ಮಾತೂ ಅದರಲ್ಲಿದೆ; ಅಲ್ಲಿ ‘ಸೇವೆ’ ಎಂದರೆ ನ್ಯಾಯಾಂಗ ಸೇವೆ ಎಂದು 1966ರ ಚಂದ್ರಮೋಹನ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಸರ್ಕಾರದ ಪರವಾಗಿ ಕೋರ್ಟಿನಲ್ಲಿ ಹಾಜರಾಗಿ ವಾದಿಸುವ ಪ್ರಾಸಿಕ್ಯೂಟರ್ ವಕೀಲರಾಗಿಯೇ ಉಳಿಯುತ್ತಾರೆ ಎಂದು 2013ರ ದೀಪಕ್ ಅಗರ್‌ವಾಲ್ ತೀರ್ಪು ಸ್ಪಷ್ಟಪಡಿಸಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಮುಳ್ಳಿದೆ: ವಕೀಲಿಕೆ ಅರ್ಜಿಯ ದಿನದವರೆಗೂ ಕಡಿಯದೆ ನಡೆದುಬಂದಿರಬೇಕು. ಹಾಗಾಗಿ ಪ್ರಾಸಿಕ್ಯೂಷನ್ ನಿರ್ದೇಶನಾಲಯದ ಕಚೇರಿ ಕೆಲಸಕ್ಕೆ ನಿಯೋಜನೆ ಬಂದರೆ ಹುಷಾರು. ಕಡತದ ಮೇಲೆ ಅಭಿಪ್ರಾಯ ಬರೆಯುವುದನ್ನು ಕೋರ್ಟಿಗೆ ಹಾಜರಾದಂತೆ ಲೆಕ್ಕ ಹಿಡಿಯಬಾರದು ಎಂಬ ತಕರಾರು ಏಳುವುದು ಅಲ್ಲೇ. ನಡೆಸಿದ ಪ್ರಕರಣಗಳ ಪಟ್ಟಿ, ನಿಯೋಜನೆ ಆದೇಶಗಳ ಪ್ರತಿ, ಸನದು (ವಕೀಲರ ನೋಂದಣಿ ಪತ್ರ) ಇವನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳಲಿ.

ಈಗ ಅಡ್ಡ ಬರುವುದು ವಯಸ್ಸು. ಅರ್ಜಿಯ ದಿನಕ್ಕೆ 35 ತುಂಬಿರಬೇಕು ಎಂದು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಈ ಎರಡು ವರ್ಷವನ್ನು ಸಿವಿಲ್ ಕಾನೂನಿಗೆ ಕೊಡಲಿ. ಎಪಿಪಿಗಳು ಮುಖ್ಯ ಪರೀಕ್ಷೆಯಲ್ಲಿ ಎಡವುವುದು ಕ್ರಿಮಿನಲ್ ಪತ್ರಿಕೆಯಲ್ಲಿ ಅಲ್ಲವಲ್ಲ! ಸಿವಿಲ್ ಪ್ರಕ್ರಿಯಾ ಸಂಹಿತೆ, ಸ್ವತ್ತು ವರ್ಗಾವಣೆ, ನಿರ್ದಿಷ್ಟ ಪರಿಹಾರ ಕಾಯ್ದೆ ದಿನವೂ ಕೈಗೆ ಬಾರದ ವಿಷಯಗಳು. ತೀರ್ಪು ಬರೆಯುವ ಪ್ರಶ್ನೆಯಲ್ಲಿ ಇನ್ನೊಂದು ದೋಷ ಕಾಣುತ್ತದೆ: ಬರೆದದ್ದು ಪ್ರಾಸಿಕ್ಯೂಷನ್ ವಾದದಂತೆಯೇ ಓದಿಸಿಕೊಳ್ಳುತ್ತದೆ. ಮೊದಲು ತೀರ್ಮಾನಿಸಬೇಕಾದ ಅಂಶಗಳು, ಆಮೇಲೆ ಪ್ರತಿ ಅಂಶಕ್ಕೂ ನಿರ್ಧಾರ ಮತ್ತು ಕಾರಣ, ಈ ಕ್ರಮವನ್ನು ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ 393ನೇ ಕಲಮೇ ಹೇಳುತ್ತದೆ.

ಹೈಕೋರ್ಟಿಗೆ 217(2)ನೇ ವಿಧಿಯಂತೆ ಎರಡು ದಾರಿ: ಹತ್ತು ವರ್ಷ ನ್ಯಾಯಾಂಗ ಹುದ್ದೆ, ಇಲ್ಲವೇ ಹೈಕೋರ್ಟ್ ವಕೀಲರಾಗಿ ಹತ್ತು ವರ್ಷ. ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂನ ಶಿಫಾರಸು ಎರಡಕ್ಕೂ ಬೇಕು. ನಿವೃತ್ತಿ 62ಕ್ಕೆ. ನ್ಯಾಯಾಂಗ ಸೇವೆಯಿಂದ ಹೈಕೋರ್ಟಿಗೆ ಹೋಗುವವರ ಸರದಿ ಹೆಚ್ಚಾಗಿ ಐವತ್ತು ದಾಟಿದ ಮೇಲೆ ಬರುತ್ತದೆ, ಆದ್ದರಿಂದ 35–36ಕ್ಕೇ ಸೇರಿದವರಿಗೆ ಅನುಕೂಲ.

ಪೀಠ ಸಿಕ್ಕ ಮೇಲಿನ ತೊಡಕನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಸಾಕ್ಷಿಯನ್ನು ಪ್ರಶ್ನಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ಹೊಸ ಸಾಕ್ಷ್ಯ ಅಧಿನಿಯಮದ 168ನೇ ಕಲಮು. ಹಳೇ ಎಪಿಪಿಗೆ ಎದುರಿನ ಪ್ರಾಸಿಕ್ಯೂಟರ್ ಬಿಟ್ಟ ಪ್ರಶ್ನೆ ತಟ್ಟನೆ ಕಾಣುತ್ತದೆ, ಬಾಯಿಗೂ ಬರುತ್ತದೆ. ಆ ಕೊರತೆ ತುಂಬಲು ನ್ಯಾಯಾಧೀಶರೇ ಹೊರಟರೆ ಮೇಲ್ಮನವಿಯಲ್ಲಿ ಪೆಟ್ಟು; 1981ರ ರಾಮ್‌ಚಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎಚ್ಚರಿಸಿದೆ. ಬಿಎನ್‌ಎಸ್‌ಎಸ್ 351ನೇ ಕಲಮಿನಡಿ ಆರೋಪಿಯಿಂದ ಪಡೆಯುವ ಹೇಳಿಕೆ ಇನ್ನೂ ಸೂಕ್ಷ್ಮ. ನಾಲ್ಕು ಸಾಕ್ಷಿಗಳ ಮಾತನ್ನು ಒಂದೇ ಪ್ರಶ್ನೆಗೆ ತುರುಕಿ ‘ಏನು ಹೇಳುತ್ತೀರಿ’ ಎಂದರೆ ಆರೋಪಿ ‘ಸುಳ್ಳು’ ಎಂದು ಮುಗಿಸುತ್ತಾರೆ. ಆರೋಪಿಯ ಮುಂದೆ ಬಿಡಿಸಿ ಇಡದ ಅಂಶವನ್ನು ಅವರ ವಿರುದ್ಧ ಬಳಸುವಂತಿಲ್ಲ, ಶಿಕ್ಷೆಯ ಆಧಾರವೇ ಸಡಿಲವಾಗುತ್ತದೆ.

ಮೇಲೆ ಹೇಳಿದ, ತಾವು ನಡೆಸಿದ ಪ್ರಕರಣಗಳ ಪಟ್ಟಿ ಆಗಲೂ ಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪಿನ ಮೇಲ್ಮನವಿ ಬರುವುದು ಜಿಲ್ಲಾ ನ್ಯಾಯಾಧೀಶರು ಕೂರುವ ಸೆಷನ್ಸ್‌ಗೆ. ಎಪಿಪಿಯಾಗಿ ತಾವೇ ನಡೆಸಿದ ಪ್ರಕರಣ ತಮ್ಮ ಮುಂದೆ ಬಂದರೆ ಮೊದಲ ದಿನವೇ ಅದನ್ನು ಗುರುತಿಸಿ ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಲು ಬರೆಯಬೇಕಾಗುತ್ತದೆ.

— ಸಂಪಾದಕ