ಹಳೆಯ ಮಿಯಾಟಾದ ಗೇರ್ ಲಿವರ್ ಅಲ್ಲಾಡುತ್ತಿದ್ದರೆ ಗೇರ್‌ಬಾಕ್ಸೇ ಹೋಗಿದೆ ಅಂತಲಾ?

ಗೇರ್‌ಬಾಕ್ಸ್ ಇಳಿಸುವ ಮಾತು ಸದ್ಯಕ್ಕೆ ಬೇಡ. ನಿಮ್ಮ 1991ರ ಮಾಜ್ದಾ ಮಿಯಾಟಾದಲ್ಲಿ (ಎರಡು ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು) ಗೇರ್ ಹಾಕಿದ ಮೇಲೂ ಲಿವರ್ ಸಾರಿನ ಪಾತ್ರೆಯೊಳಗಿನ ಸೌಟಿನಂತೆ ಅಲ್ಲಾಡುತ್ತದೆ, ಅದರ ಸುತ್ತಲಿಂದ ಬಿಸಿ ಗಾಳಿ ಮತ್ತು ಎಣ್ಣೆ ವಾಸನೆ ಬರುತ್ತದೆ, ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಬದಲಾಯಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ನನ್ನ 1990ರ ಕಾರಿಗೂ ಇದೇ ಆಗಿತ್ತು. ನಾನೇನು ಮೆಕ್ಯಾನಿಕ್ ಅಲ್ಲ, ಸ್ಯಾನ್ ಹೊಸೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಆದರೂ ಒಂದು ಶನಿವಾರ ಮನೆಯ ಮುಂದೆಯೇ ಸರಿಮಾಡಿದೆ. ಭಾನುವಾರ ಮತ್ತೆ ಬಿಚ್ಚಬೇಕಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇಟ್ಟು, ಕ್ಲಚ್ ಒತ್ತಿ, ಐದೂ ಗೇರ್ ಮತ್ತು ರಿವರ್ಸ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಹಠ ಮಾಡಿದರೆ ತಪ್ಪು ಲಿವರಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಈ ಕಾರುಗಳಲ್ಲಿ ಸೋರುವುದು ಮಾಮೂಲಿ. ಇನ್ನು, ಯಾವುದೋ ಒಂದೇ ಗೇರಿಗೆ ಹಾಕುವಾಗ ಕರಕರ ಅಂದರೆ ಸಿಂಕ್ರೋ, ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಉಂಗುರ, ಸವೆದಿರಬಹುದು. ನಿಮ್ಮದು ಬರೀ ಅಲ್ಲಾಟ, ಕರಕರ ಇಲ್ಲ ಅಂದಿದ್ದೀರಿ. ಜೊತೆಗೆ ಬಿಸಿ ಗಾಳಿ ಬೇರೆ. ನನಗಂತೂ ಜಾಸ್ತಿ ಅನುಮಾನ ಬರುವುದು ರಬ್ಬರ್ ಮತ್ತು ನೈಲಾನ್ ಮೇಲೆ.

ಯಾಕೆ ಅಂದರೆ, ಇದರಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಬೆನ್ನ ಮೇಲೆಯೇ ನಿಂತಿದೆ. ಹಳೆಯ ಪೋರ್ಷೆ 911ರಲ್ಲಿ ಹಾಗಲ್ಲ. ಅಲ್ಲಿ ಗೇರ್‌ಬಾಕ್ಸ್ ಹಿಂದಿದೆ, ಉದ್ದ ರಾಡು, ಅದರ ಜೋಡಣೆಗೊಂದಿಷ್ಟು ಬುಷ್ಷು (ಕೀಲಿನೊಳಗೆ ಕೂರುವ ಬಳೆಯಂಥ ತುಂಡು), ಯಾವುದು ಸವೆದಿದೆ ಅಂತ ಹುಡುಕಬೇಕು. ಇಲ್ಲಿ ಮಧ್ಯೆ ರಾಡೂ ಇಲ್ಲ, ಕೇಬಲ್ಲೂ ಇಲ್ಲ. 1989ರಲ್ಲಿ ಈ ಕಾರು ಬಂದಾಗಿನಿಂದ ಜನ ಅದರ ಗೇರ್ ಹಾಕುವ ಖುಷಿಯನ್ನು ಹೊಗಳುವುದಕ್ಕೆ ಇದೂ ಒಂದು ಕಾರಣ. ಲಿವರಿನ ಕೆಳತುದಿ ಒಂದು ನೈಲಾನ್ ಬುಷ್ಷಿನಲ್ಲಿ ಕೂತು, ಎಣ್ಣೆಯಲ್ಲಿ ಮುಳುಗಿರುತ್ತದೆ. ಆ ಎಣ್ಣೆ ಮೇಲಕ್ಕೆ ಚಿಮ್ಮದಂತೆ ಒಂದು ಚಿಕ್ಕ ರಬ್ಬರ್ ಬೂಟ್, ಅಂದರೆ ಲಿವರಿನ ಸುತ್ತ ಕೂರುವ ಗವಸು. ಅದರ ಮೇಲೆ ಬಿಸಿಯನ್ನೂ ಸದ್ದನ್ನೂ ತಡೆಯುವ ದೊಡ್ಡ ಬೂಟ್. ಮೂವತ್ತು ವರ್ಷ ಬಿಸಿ ತಿಂದ ರಬ್ಬರ್ ಬಿರುಕು ಬಿಡದೆ ಇರುತ್ತದಾ? ಬೂಟ್ ಹರಿಯುತ್ತದೆ, ಎಣ್ಣೆ ಖಾಲಿಯಾಗುತ್ತದೆ, ಬುಷ್ ಸವೆಯುತ್ತದೆ.

ಎರಡು ಬೂಟ್, ಬುಷ್, ಒಳಗಿನ ಸ್ಪ್ರಿಂಗ್ ವಾಷರ್, ಇಷ್ಟನ್ನು ಮೊದಲೇ ತರಿಸಿಟ್ಟುಕೊಳ್ಳಿ. ಗೇರ್‌ಬಾಕ್ಸಿನ ಬೆಲೆಯ ಮುಂದೆ ಇವು ಲೆಕ್ಕಕ್ಕೇ ಇಲ್ಲ.

ಕಾರು ಪೂರ್ತಿ ತಣ್ಣಗಾಗಿರಲಿ. ಚಕ್ರಕ್ಕೆ ಅಡ್ಡ ಕೊಟ್ಟು ನ್ಯೂಟ್ರಲ್‌ಗೆ ಹಾಕಿ. ಲಿವರಿನ ಮೇಲ್ತುದಿಯ ಹಿಡಿಯನ್ನು ತಿರುಗಿಸಿ ತೆಗೆಯಿರಿ, ಆಮೇಲೆ ಸೆಂಟರ್ ಕನ್ಸೋಲ್. ಅದರಡಿ ದೊಡ್ಡ ಬೂಟಿನ ನಾಲ್ಕು ಬೋಲ್ಟ್, ಅದರ ಕೆಳಗೆ ಲಿವರನ್ನು ಹಿಡಿದಿರುವ ಮೂರು ಬೋಲ್ಟ್. ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಕಸ ಒರೆಸಿ. ಲಿವರ್ ಎತ್ತಿದ ತಕ್ಷಣ ತೂತಿನ ಮೇಲೆ ಬಟ್ಟೆ ಮುಚ್ಚಿ. ಒಂದು ಬೋಲ್ಟ್ ಒಳಗೆ ಬಿದ್ದರೆ ಗ್ಯಾರೇಜಿನವರ ಮಾತೇ ನಿಜವಾಗಿಬಿಡುತ್ತದೆ! ಲಿವರ್ ಯಾವ ಕಡೆಗೆ ಬಾಗಿತ್ತು ಅಂತ ಫೋಟೋ ತೆಗೆದಿಡಿ. ಬುಷ್ ಲಿವರಿನ ಜೊತೆ ಮೇಲೆ ಬರದಿದ್ದರೆ ಒಳಗೇ ಕೂತಿರುತ್ತದೆ, ಕೊಕ್ಕೆಯಿಂದ ಎತ್ತಬೇಕು. ಒಡೆದಿದ್ದರೆ ಚೂರುಗಳನ್ನೆಲ್ಲ ಹೊರಗೆ ಜೋಡಿಸಿ, ಪೂರ್ತಿ ಬಂದಿದೆಯಾ ನೋಡಿ.

ಈಗ ನನ್ನ ಭಾನುವಾರದ ಕತೆ. ಲಿವರ್ ಕೂರುವ ಆ ಗುಂಡಿಯ ಎಣ್ಣೆ ಬೇರೆ, ಗೇರ್‌ಬಾಕ್ಸಿನ ಎಣ್ಣೆ ಬೇರೆ. ಗೇರ್‌ಬಾಕ್ಸಿಗೆ ಎರಡು ಲೀಟರ್ ತುಂಬಿದರೂ ಇಲ್ಲಿಗೆ ಒಂದು ತೊಟ್ಟೂ ಬರುವುದಿಲ್ಲ. ಅದು ಗೊತ್ತಿಲ್ಲದೆ ಒಣಗಿದ್ದ ಗುಂಡಿಯಲ್ಲೇ ಹೊಸ ಬುಷ್ ಕೂರಿಸಿದ್ದೆ. ಅಲ್ಲಾಟ ನಿಂತಿತು, ಆದರೆ ಲಿವರ್ ತುಕ್ಕು ಹಿಡಿದ ಚಿಲಕದಂತೆ ಬಿಗಿ. ಹಳೆಯ ಕಪ್ಪು ಎಣ್ಣೆ ಉಳಿದಿದ್ದರೆ ಸಿರಿಂಜಿನಿಂದ ಎಳೆದು, 75ಡಬ್ಲ್ಯೂ-90 ಜಿಎಲ್-4 ದರ್ಜೆಯ (ಡಬ್ಬದ ಮೇಲೆ ಹೀಗೇ ಬರೆದಿರುತ್ತದೆ) ಗೇರ್ ಎಣ್ಣೆ ಸುಮಾರು 90 ಮಿ.ಲೀ. ಹಾಕಿ. ಬೈ-ಟೂ ಕಾಫಿಯ ಒಂದು ಲೋಟದಷ್ಟು, ಅಷ್ಟೇ. ಆಮೇಲೆ ಲಿವರ್ ಇಳಿಸಿ, ಎರಡೂ ಬೂಟ್ ಕೂರಿಸಿ, ಕನ್ಸೋಲ್ ಮುಚ್ಚುವ ಮುಂಚೆಯೇ ಎಲ್ಲ ಗೇರ್ ಹಾಕಿ ನೋಡಿ.

ಪವರ್ ವಿಂಡೋ ಇದ್ದರೆ ಅದರ ಸ್ವಿಚ್ ಇರುವುದು ಆ ಕನ್ಸೋಲಿನಲ್ಲೇ. ಕೆಳಗಿನ ಕನೆಕ್ಟರ್ ಮತ್ತೆ ಸಿಕ್ಕಿಸುವುದನ್ನು ಮರೆಯಬೇಡಿ. ನಾನು ಮೂರನೇ ಸಲ ಬಿಚ್ಚಿದ್ದು ಅದಕ್ಕೆ.