ಅಡ್ವಾನ್ಸ್ ಕೊಟ್ಟ ಮೇಲೆ ಜೇಬಿನಲ್ಲಿ ಎಷ್ಟಿರಬೇಕು?

ಮೊದಲ ಸಲ ಬಾಡಿಗೆ ಮನೆ ಹಿಡಿಯುವವರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ, ಮುಂದಿನ 1ನೇ ತಾರೀಖು ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಸೇರಬೇಕು. ಆರ್ಡರ್‌ನಲ್ಲಿ ತಿಂಗಳಿಗೆ 20,500 ರೂ. ಎಂದಿದೆ. ತುಮಕೂರಿನಲ್ಲಿ ಬ್ರೋಕರ್ ಒಬ್ಬರು ಮನೆ ತೋರಿಸಿದ್ದಾರೆ. ಬಾಡಿಗೆ 6,500, ನೀರಿಗೆ 200, ಅಡ್ವಾನ್ಸ್ 50,000. ಅಪ್ಪ 60,000 ಹೊಂದಿಸಿ ಕೊಡುತ್ತೇನೆ ಅಂದಿದ್ದಾರೆ. ಹಿಡಿಯಬಹುದೇ?
– ಓದುಗ, ಮಧುಗಿರಿ

ಉತ್ತರ: ಬಾಡಿಗೆ ಹೇಗೋ ತೂಗುತ್ತದೆ. ತೂಗದಿರುವುದು ಆ 60,000.

ಮೊದಲು ಸಂಬಳ ನೋಡೋಣ. 20,500 ಕಾಗದದ ಮೇಲಿನ ಮೊತ್ತ. ಬೇಸಿಕ್ ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 15,000 ಇದೆ ಎಂದುಕೊಂಡರೆ ಪಿ.ಎಫ್.ಗೆ ಶೇ 12ರಂತೆ 1,800 ಹೋಗುತ್ತದೆ. ಒಟ್ಟು ಸಂಬಳ 21,000 ದಾಟದ್ದರಿಂದ ಇ.ಎಸ್.ಐ. ಆರೋಗ್ಯ ವಿಮೆಗೆ ಶೇ 0.75, ಅಂದರೆ 154. ವೃತ್ತಿ ತೆರಿಗೆ 25,000ದಿಂದ ಮೇಲಿನವರಿಗೆ, ನಿಮಗಿಲ್ಲ. ಕ್ಯಾಂಟೀನ್, ಕಂಪನಿ ಬಸ್ಸು ಅಂತ 600 ಹಿಡಿದರೆ ಕೈಗೆ ಬರುವುದು ಸುಮಾರು 17,900. ಬಾಡಿಗೆ, ನೀರು, ಮೇಂಟೆನೆನ್ಸ್ ಎಲ್ಲ ಸೇರಿ ಇದರ ಮೂರನೇ ಒಂದು ಭಾಗದೊಳಗೆ, ಅಂದರೆ 6,000ದ ಒಳಗೆ ಇದ್ದರೆ ಉಸಿರಾಡಬಹುದು. ನಿಮ್ಮದು 6,700. ಅಡುಗೆ ಮಾಡಿಕೊಂಡರೆ ಊಟಕ್ಕೆ 4,000, ಗ್ಯಾಸ್ 350, ಕರೆಂಟ್ 200, ಮೊಬೈಲ್ 350, ಓಡಾಟ 1,000, ಸೋಪು ಸೀಗೆಪುಡಿ 500, ಮನೆಗೆ 2,000. ಬಾಡಿಗೆ ಸೇರಿ 15,100 ಆಯಿತು. ಉಳಿಯುವುದು 2,800. ಅದರಲ್ಲೇ ಜ್ವರ, ಜಾತ್ರೆ, ಗೆಳೆಯನ ಮದುವೆ ಎಲ್ಲ ಆಗಬೇಕು. ಅಡುಗೆ ಮಾಡದೆ ಎರಡು ಹೊತ್ತು ಹೋಟೆಲ್ ಹಿಡಿದರೆ ಈ ಲೆಕ್ಕ ಅಲ್ಲಿಗೇ ಮುಗಿಯಿತು.

ಈಗ ಮೊದಲ ದಿನದ ಖರ್ಚು. ಅಡ್ವಾನ್ಸ್ 50,000, ಮೊದಲ ತಿಂಗಳ ಬಾಡಿಗೆ 6,500, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 6,500, ಕರಾರು ಪತ್ರಕ್ಕೆ 700, ಗ್ಯಾಸ್ ಕನೆಕ್ಷನ್ ಮತ್ತು ಸ್ಟವ್‌ಗೆ 5,700, ಪಾತ್ರೆ, ಹಾಸಿಗೆ, ಬಕೆಟ್ಟು, ಪೊರಕೆಗೆ 8,000. ಒಟ್ಟು 77,400. ಇದು ಅಲ್ಲಿಗೇ ನಿಲ್ಲುವುದೂ ಇಲ್ಲ. 1ನೇ ತಾರೀಖು ಸೇರಿದವರಿಗೆ ಮೊದಲ ಸಂಬಳ ಬರುವುದು ಮುಂದಿನ ತಿಂಗಳ 7ರ ಹೊತ್ತಿಗೆ. ತಿಂಗಳ ಕೊನೆಗೆ ಸೇರಿದರೆ ಹಾಜರಿ ಲೆಕ್ಕ ಆಗಲೇ ಮುಗಿದಿದೆ ಎಂದು ಕೆಲವು ಕಡೆ ಆ ದಿನಗಳನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಹಾಗಾಗಿ ಬಾಡಿಗೆ ಬಿಟ್ಟು 40 ದಿನದ ಖರ್ಚಿಗೆ 8,000 ಕೈಯಲ್ಲಿರಬೇಕು. ನಿಜವಾದ ಮೊತ್ತ 85,000ದ ಆಸುಪಾಸು.

60,000ದಲ್ಲೇ ಮುಗಿಸುವ ದಾರಿ ಇದೆ. ಅಡ್ವಾನ್ಸ್ ಐದು ತಿಂಗಳಿಗೆ ಇಳಿಸಲು ಕೇಳಿ: 32,500. ಬ್ರೋಕರ್ ತೋರಿಸಿದ ಮನೆಯನ್ನು ಅವರ ಬೆನ್ನ ಹಿಂದೆ ಹಿಡಿಯಲು ಹೋಗಬೇಡಿ, ಆ ಜಗಳ ಮಾಲೀಕರ ಬಾಗಿಲಿಗೇ ಬರುತ್ತದೆ. ಬೇರೆ ಮನೆ ನೋಡಿ. ಒಂದು ಭಾನುವಾರ ಶಿರಾ ಗೇಟ್, ಅಂತರಸನಹಳ್ಳಿ ಕಡೆ ನಡೆದು ‘ಬಾಡಿಗೆಗಿದೆ’ ಬೋರ್ಡು ಹುಡುಕಿ. ನಿಮ್ಮ ಕಾರ್ಖಾನೆಯ ದಿಕ್ಕೂ ಅದೇ. 6,500 ಉಳಿಯುತ್ತದೆ. ಪಾತ್ರೆ, ಹೊದಿಕೆ ಮನೆಯಿಂದಲೇ ಒಯ್ದರೆ ಇನ್ನೊಂದು 4,500. ಆಗ ಮೊದಲ ದಿನದ ಖರ್ಚು 48,900, ಕೈಯಲ್ಲಿ 11,100.

ಆಷಾಢದಲ್ಲಿ, ಧನುರ್ಮಾಸದಲ್ಲಿ ಹಾಲು ಉಕ್ಕಿಸಿ ಮನೆ ಸೇರುವವರು ಕಡಿಮೆ. ಖಾಲಿ ಬಿದ್ದ ಮನೆಯ ಮಾಲೀಕರು ಆಗ ಮಾತಿಗೆ ಬಗ್ಗುತ್ತಾರೆ. ಮನೆಯಲ್ಲಿ ಅಜ್ಜಿ ಒಪ್ಪುವುದಾದರೆ ಚೌಕಾಸಿಗೆ ಅದೇ ಒಳ್ಳೆಯ ಕಾಲ.

‘ಅಡ್ವಾನ್ಸ್ ಇಳಿಸುತ್ತೇನೆ, ಬಾಡಿಗೆ 200 ಜಾಸ್ತಿ ಕೊಡಿ’ ಅಂದರೆ? ಇಳಿಯುವ 17,500ನ್ನು ಅಪ್ಪ ನೂರಕ್ಕೆ ಎರಡರ ಬಡ್ಡಿಗೆ ಕೈಸಾಲ ತರುತ್ತಿದ್ದರೆ ತಿಂಗಳ ಬಡ್ಡಿ 350. ಆಗ 200 ಜಾಸ್ತಿ ಕೊಡುವುದೇ ಲಾಭ. ಅದು ಬ್ಯಾಂಕಿನಲ್ಲಿ ಮಲಗಿದ್ದ ಸ್ವಂತ ದುಡ್ಡಾದರೆ ವರ್ಷಕ್ಕೆ ಶೇ 3ರಂತೆ ಹಿಡಿದರೂ ತಿಂಗಳಿಗೆ 44 ರೂಪಾಯಿ ಬಡ್ಡಿಯೂ ಬರುವುದಿಲ್ಲ. ಆಗ 200 ಕೊಡುವುದು ನಷ್ಟ. ಅಪ್ಪನನ್ನು ಕೇಳಿ ತಿಳಿದುಕೊಳ್ಳಿ. ದುಡ್ಡು ಎಲ್ಲಿಂದ ತಂದರು ಅನ್ನುವುದನ್ನು ಅಪ್ಪಂದಿರು ತಾವಾಗಿ ಹೇಳುವುದಿಲ್ಲ.

ಕರಾರು ಪತ್ರದಲ್ಲಿ ಬಾಡಿಗೆ ತಾರೀಖು ನೋಡಿ. ‘ಪ್ರತಿ ತಿಂಗಳು 5ರೊಳಗೆ’ ಎಂದು ಮೊದಲೇ ಟೈಪ್ ಆಗಿರುತ್ತದೆ. ಸಂಬಳ 7ಕ್ಕೆ ಬರುವವರು ಪ್ರತಿ ತಿಂಗಳೂ ಎರಡು ದಿನಕ್ಕೆ ಕೈಸಾಲ ಹುಡುಕಬೇಕಾಗುತ್ತದೆ. ‘10ರೊಳಗೆ’ ಎಂದು ತಿದ್ದಿಸಿ, ತಿದ್ದಿದ ಕಡೆ ಇಬ್ಬರೂ ಸಹಿ ಹಾಕಿ.

ಪ್ರಶ್ನೆ: ನಾವು ಇಬ್ಬರು ಗೆಳತಿಯರು, ನರಸಾಪುರದಲ್ಲಿ ಕೆಲಸ. ಕೋಲಾರದಲ್ಲಿ ಮನೆ ನೋಡುತ್ತಿದ್ದೇವೆ. ಒಂದು ಮನೆಯ ಮಾಲೀಕರು ‘ಬಾಡಿಗೆಯವರಿಗೆ ಗೃಹಜ್ಯೋತಿ ಬರಲ್ಲಮ್ಮ, ಯೂನಿಟ್ಟಿಗೆ 9 ರೂಪಾಯಿ ನಮಗೇ ಕೊಟ್ಟುಬಿಡಿ’ ಅಂದರು. ನಿಜವೇ?
– ಓದುಗಿ, ಶ್ರೀನಿವಾಸಪುರ

ಉತ್ತರ: ಬಾಡಿಗೆಯವರಿಗೆ ಬರುವುದಿಲ್ಲ ಎನ್ನುವುದು ಸುಳ್ಳು. ಆ ಮನೆಗೆ ಬರುವುದಿಲ್ಲ ಎನ್ನುವುದು ನಿಜ ಇರಬಹುದು. ಎರಡಕ್ಕೂ ವ್ಯತ್ಯಾಸ ಇರುವುದು ಆರ್.ಆರ್. ನಂಬರಿನಲ್ಲಿ, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆಯಲ್ಲಿ.

2023ರ ಜುಲೈನಿಂದ ಜಾರಿಯಾದ ಈ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರಿಗೂ ಇದೆ. ನಿಮ್ಮ ಪೋರ್ಷನ್‌ಗೆ ಬೆಸ್ಕಾಂನ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್.ಆರ್. ನಂಬರ್ ಇದ್ದರೆ ನಿಮ್ಮಲ್ಲೊಬ್ಬರ ಆಧಾರ್ ಅದಕ್ಕೆ ಜೋಡಿಸಬಹುದು. ಹಿಂದಿನ ಬಾಡಿಗೆಯವರ ಆಧಾರ್ ಅದರಲ್ಲೇ ಉಳಿದಿದ್ದರೆ ಮೊದಲು ಅದನ್ನು ಬಿಡಿಸಬೇಕು. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಕೇಳಿ, ಕೊಟ್ಟ ಮೇಲೆ ‘ಆಮೇಲೆ ನೋಡೋಣ’ ಎಂಬ ಉತ್ತರ ಸಿಗುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದು ಮೂರು ಪೋರ್ಷನ್‌ಗೆ ಸಬ್ ಮೀಟರ್ ಹಾಕಿದ್ದರೆ ಎಲ್ಲರ ಬಳಕೆ ಒಂದೇ ಬಿಲ್ಲಿಗೆ ಬೀಳುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಥ ಮನೆಗೆ ಕರೆಂಟ್ ಖರ್ಚನ್ನು ಬಾಡಿಗೆಯ ಜೊತೆ ಕೂಡಿಸಿಯೇ ಹೋಲಿಸಿ.

ಪ್ರತ್ಯೇಕ ಮೀಟರ್ ಇದ್ದರೂ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. ಆ ಮನೆಯ 2022–23ರ ಸರಾಸರಿಗೆ ಶೇ 10 (ಸರಾಸರಿ 48ಕ್ಕಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದಷ್ಟು ಉಚಿತ. ಸರಾಸರಿ 80 ಇದ್ದರೆ ನಿಮಗೆ 88. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಯಾದರೆ 58. ಮಿತಿ ದಾಟಿದ್ದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಎಲ್ಲಕ್ಕೂ. ಹಳೆಯ ಬಿಲ್ಲೊಂದನ್ನು ಕೇಳಿ ನೋಡಿ, ಅರ್ಹ ಯೂನಿಟ್ ಎಷ್ಟೆಂದು ತಿಳಿಯುತ್ತದೆ.

ಇಬ್ಬರಿಗೆ ಎಷ್ಟು ಬೇಕು? 2,000 ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 1 ಯೂನಿಟ್, ತಿಂಗಳಿಗೆ 30. 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 18. ನಾಲ್ಕು ಎಲ್.ಇ.ಡಿ. ಬಲ್ಬು, ಮಿಕ್ಸಿ, ಚಾರ್ಜರ್ ಸೇರಿ 8. ಒಟ್ಟು 56. 88ರ ಮನೆಯಲ್ಲಿ ಆರಾಮ, 58ರ ಮನೆಯಲ್ಲಿ ಅಂಚಿನ ಮೇಲೆ. ಇಂಡಕ್ಷನ್ ಒಲೆಯಲ್ಲೇ ಅಡುಗೆ ಮಾಡಿದರೆ ಇನ್ನೊಂದು 45 ಸೇರುತ್ತದೆ, ಆಗ ಎರಡೂ ಕಡೆ ದುಡ್ಡು ಕಟ್ಟಬೇಕು.

ಮನೆ ನೋಡಲು ಹೋದಾಗ ಒಂದು ಪರೀಕ್ಷೆ ಮಾಡಿ. ಮನೆಯ ಎಲ್ಲ ಸ್ವಿಚ್ಚು ಆರಿಸಿ, ಮೇನ್ ಕೂಡ ಇಳಿಸಿ, ಮೀಟರಿನ ಮುಂದೆ ಎರಡು ನಿಮಿಷ ನಿಲ್ಲಿ. ಅದರ ಮುಖದಲ್ಲಿ ಸಣ್ಣ ಕೆಂಪು ದೀಪವಿದೆ. ಪಕ್ಕದಲ್ಲಿ 3200 ಎಂಬಂಥ ಸಂಖ್ಯೆ ಇರುತ್ತದೆ: ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ನಿಮ್ಮ ಮೀಟರಿನಿಂದ ಬೇರೆ ಲೈನ್ ಹೋಗಿದೆ ಎಂದರ್ಥ. ಹೆಚ್ಚಾಗಿ ಅದು ಸಂಪಿನ ಮೋಟರು, ಇಲ್ಲವೇ ಮೆಟ್ಟಿಲ ದೀಪ. ಮಿನುಗದೆ ಸುಮ್ಮನೆ ಉರಿಯುತ್ತಿದ್ದರೆ ಚಿಂತೆಯಿಲ್ಲ. ಮನೆ ಸೇರುವ ದಿನ ರೀಡಿಂಗ್ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ.

ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ. ಹಾಗಾಗಿ ಹೆದ್ದಾರಿ ಸ್ಟಾಪಿಗೆ ನಡೆದು ಹೋಗುವಷ್ಟು ಹತ್ತಿರ, ಊರ ನಡುವಿನಿಂದ ಸ್ವಲ್ಪ ದೂರ ಇರುವ ಮನೆ ಲಾಭ. ರಾತ್ರಿ ಪಾಳಿ ಇದ್ದರೆ ಮಾತ್ರ ಕಂಪನಿ ಬಸ್ಸು ನಿಲ್ಲುವ ಜಾಗವೇ ಮುಖ್ಯ.

ಪ್ರಶ್ನೆ: ಗ್ಯಾಸ್, ಪಾತ್ರೆಗೆಲ್ಲ ಕಡಿಮೆ ಅಂದರೆ ಎಷ್ಟು ಬೇಕು? ವಿಳಾಸದ ದಾಖಲೆ ಇನ್ನೂ ಆಗಿಲ್ಲ.
– ಓದುಗ, ಗುಬ್ಬಿ

ಉತ್ತರ: ವಿಳಾಸದ ದಾಖಲೆ ಆಗುವ ತನಕ 5 ಕೆ.ಜಿ. ಸಿಲಿಂಡರ್ ತನ್ನಿ, ಗುರುತಿನ ಚೀಟಿ ಸಾಕು. ಕೆ.ಜಿ. ಲೆಕ್ಕದಲ್ಲಿ ದುಬಾರಿ, ಆದ್ದರಿಂದ ಅದರಲ್ಲೇ ಕಾಲ ಹಾಕಬೇಡಿ. 14.2 ಕೆ.ಜಿ. ಸಿಲಿಂಡರಿನ ಠೇವಣಿ 2022ರ ಜೂನ್‌ನಲ್ಲಿ ಪರಿಷ್ಕರಣೆಯಾದಾಗ 2,200, ರೆಗ್ಯುಲೇಟರ್‌ಗೆ 250 ಆಯಿತು. ಎರಡೂ ಕನೆಕ್ಷನ್ ಬಿಡುವಾಗ ವಾಪಸ್ ಬರುವ ದುಡ್ಡು, ರಸೀದಿ ಜೋಪಾನ. ಒಬ್ಬರಿಗೆ ಒಂದು ಸಿಲಿಂಡರ್ ಎರಡೂವರೆ ಮೂರು ತಿಂಗಳು ಬರುತ್ತದೆ. ತೆಗೆದುಕೊಳ್ಳುವಾಗ ತೂಕ ಹಾಕಿಸಿ: ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕೂಡಿಸಿದಷ್ಟು ಇರಬೇಕು. ಹಿಡಿಯ ಒಳಬದಿಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಇರುತ್ತದೆ, ಅದು ಸಿಲಿಂಡರಿನ ಮರುಪರೀಕ್ಷೆಯ ಗಡುವು. ಎ ಅಂದರೆ ಮಾರ್ಚ್‌ವರೆಗೆ, ಡಿ ಅಂದರೆ ಡಿಸೆಂಬರ್‌ವರೆಗೆ. ಆ ಅವಧಿ ಮುಗಿದಿದ್ದರೆ ಬದಲಿಸಿ ಕೇಳಿ. ಹಳೆಯ ರಬ್ಬರ್ ಪೈಪ್ ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಬೇಡ.

ಪಾತ್ರೆಗೆ ಸೆಟ್ ಕೊಳ್ಳಬೇಡಿ. ಸೆಟ್ಟಿನಲ್ಲಿ ಅರ್ಧ ಅಟ್ಟಕ್ಕೇ ಹೋಗುತ್ತದೆ. 3 ಲೀಟರ್ ಕುಕ್ಕರ್, ಮುದ್ದೆಗೆ ದಪ್ಪ ತಳದ ಪಾತ್ರೆ ಮತ್ತು ಕೋಲು, ಒಂದು ಬಾಣಲೆ, ಒಂದು ತವಾ, ಹಾಲಿನ ಪಾತ್ರೆ, ತಟ್ಟೆ ಲೋಟ ಎರಡೆರಡು. ತೂಕದ ಮೇಲೆ ಮಾರುವ ಸ್ಟೀಲ್ ಅಂಗಡಿಯಲ್ಲಿ ಸಸ್ತಾ. ರಾಗಿಯನ್ನು ಊರಿಂದ ಕಾಳಾಗಿಯೇ ತನ್ನಿ, ಕಾಳು ವರ್ಷಗಟ್ಟಲೆ ಇರುತ್ತದೆ, ಹಿಟ್ಟಿಗೆ ಹುಳು ಬೀಳುತ್ತದೆ. ಒಂದು ಕೆ.ಜಿ. ಹಿಟ್ಟಿಗೆ ಒಂಬತ್ತು ಹತ್ತು ಮುದ್ದೆ. ರಾತ್ರಿ ಒಂದರಂತೆ ತಿಂಗಳಿಗೆ 3 ಕೆ.ಜಿ. ಬೀಸಿಸಿದರೆ ಸಾಕು. ಫ್ರಿಜ್ ಮೊದಲ ವರ್ಷ ಬೇಡ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ನೋಡಿದ ಮನೆಗೆ ಬೋರ್‌ವೆಲ್ ನೀರು. ಕುದಿಸಿ ಕುಡಿದರೆ ಸಾಕೇ, ಆರ್.ಒ. ಮೆಷಿನ್ ಹಾಕಿಸಬೇಕೇ?
– ಓದುಗ, ಬಾಗೇಪಲ್ಲಿ

ಉತ್ತರ: ಆ ಕಡೆಯ ಬೋರ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರಬಹುದು, ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಆದರೂ ಬಾಡಿಗೆ ಮನೆಗೆ ಮೆಷಿನ್ ಬೇಡ. ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯಕ್ಕೆ 20 ಲೀಟರ್ ಸಿಗುವ ಕಡೆ, ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 10 ಲೀಟರ್ ಹಿಡಿದರೆ ತಿಂಗಳಿಗೆ 15 ಕ್ಯಾನ್, 75 ರೂಪಾಯಿ. ಮನೆಯಿಂದ ಘಟಕ ಎಷ್ಟು ದೂರ, ಕ್ಯಾನ್ ಹೊತ್ತು ಎಷ್ಟನೇ ಮಹಡಿ ಹತ್ತಬೇಕು ಎನ್ನುವುದನ್ನು ನೋಡಿಕೊಳ್ಳಿ.

ದುಡ್ಡು ಸೋರುವುದು ಬೇಸಿಗೆಯಲ್ಲಿ. ಬೋರ್ ಬತ್ತಿದರೆ ಟ್ಯಾಂಕರ್ ದುಡ್ಡು ಯಾರದು ಎಂದು ಕರಾರಿನಲ್ಲಿ ಬರೆಸಿ. ಮಾಲೀಕರೇ ಕೊಡುವುದು, ಇಲ್ಲವೇ ಮನೆಗಳಿಗೆ ಸಮನಾಗಿ ಹಂಚುವುದು, ಎರಡರಲ್ಲಿ ಒಂದು. ನಲ್ಲಿಯ ಬಾಯಲ್ಲಿ, ಗೀಸರ್ ಕೆಳಗಿನ ಪೈಪಿನಲ್ಲಿ ಬಿಳಿ ಪದರ ಕಟ್ಟಿದ್ದರೆ ನೀರು ಗಡಸು. ಅಲ್ಲಿ ಕಾಯಿಲ್ ಬೇಗ ಹೋಗುತ್ತದೆ. ಗೀಸರ್ ರಿಪೇರಿ ಮಾಲೀಕರ ಪಾಲಿಗೇ ಇರಲಿ.

ಪ್ರಶ್ನೆ: ‘4 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಲೀಸ್ ಹಾಕಿಕೊ, ಬಾಡಿಗೆಯೇ ಇರಲ್ಲ’ ಎಂದು ಮಾವ ಹೇಳುತ್ತಾರೆ. 2 ಲಕ್ಷ ನಮ್ಮಲ್ಲಿದೆ, ಉಳಿದದ್ದು ಸಾಲ.
– ಓದುಗ, ಕುಣಿಗಲ್

ಉತ್ತರ: ಲೀಸ್ ಮುಗಿದಾಗ ಆ 4 ಲಕ್ಷ ವಾಪಸ್ ಬರಬೇಕು, ನಿಮಗೆ ಖರ್ಚಾಗುವುದು ಅದರ ಬಡ್ಡಿ. ನೂರಕ್ಕೆ ಎರಡರ ಬಡ್ಡಿಗೆ ತಂದರೆ 2 ಲಕ್ಷದ ಬಡ್ಡಿಯೇ ತಿಂಗಳಿಗೆ 4,000. ಉಳಿದ 2 ಲಕ್ಷ ಶೇ 6.5ರ ಎಫ್.ಡಿ.ಯಲ್ಲಿದ್ದಿದ್ದರೆ ತಿಂಗಳಿಗೆ 1,083 ಬರುತ್ತಿತ್ತು. ಅಂದರೆ ನಿಮ್ಮ ‘ಬಾಡಿಗೆಯಿಲ್ಲದ’ ಮನೆಗೆ ತಿಂಗಳಿಗೆ 5,083 ಹೋಗುತ್ತಿದೆ. ಅಂಥದೇ ಮನೆ 6,500ಕ್ಕೆ ಸಿಗುವುದಾದರೆ ಉಳಿತಾಯ 1,400 ಅಷ್ಟೇ. ಅದಕ್ಕಾಗಿ 4 ಲಕ್ಷ ಒಬ್ಬರ ಕೈಗೆ ಇಡುತ್ತಿದ್ದೀರಿ. ಮೊದಲ ಕೆಲಸದಲ್ಲಿರುವವರು ಮೂರು ವರ್ಷ ಒಂದೇ ಊರಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ. ನಮ್ಮ ಸಲಹೆ: ಬೇಡ.

ಹಾಕಿಕೊಳ್ಳಲೇಬೇಕೆಂದರೆ ಮೂಲ ಕ್ರಯಪತ್ರ ತೋರಿಸಲು ಕೇಳಿ. ಜೆರಾಕ್ಸ್ ಮಾತ್ರ ಇದ್ದರೆ ಮೂಲಪತ್ರ ಬ್ಯಾಂಕಿನಲ್ಲಿ ಅಡ ಇರಬಹುದು. ಸಾಲ ಕಟ್ಟದೆ ಬ್ಯಾಂಕು ಮನೆ ಹರಾಜಿಗೆ ತಂದರೆ ನಿಮ್ಮ ಸರದಿ ಬ್ಯಾಂಕಿನ ನಂತರ. ಆಸ್ತಿಯ ಮೇಲೆ ಸಾಲ, ಅಡಮಾನ ದಾಖಲಾಗಿದೆಯೇ ಎಂದು ತೋರಿಸುವ ಇ.ಸಿ. (ಋಣಭಾರ ಪತ್ರ) ತೆಗೆಸಿ, ಖಾತೆ ಯಾರ ಹೆಸರಲ್ಲಿದೆ ನೋಡಿ. ಒಂದು ವರ್ಷ ದಾಟುವ ಲೀಸ್ ನೋಂದಣಿ ಆಗಲೇಬೇಕು, ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೆ ಇರುವುದೂ ಇದೇ ಕಾರಣಕ್ಕೆ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ.

ಪ್ರಶ್ನೆ: ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಸರಿಯೇ?
– ಓದುಗಿ, ಮಾಲೂರು

ಉತ್ತರ: ಕರಾರಿನಲ್ಲಿ ಒಪ್ಪಿ ಸಹಿ ಹಾಕಿದ್ದರೆ ಆಮೇಲೆ ವಾದಿಸುವುದು ಕಷ್ಟ. ಸೇರುವಾಗಲೇ ‘ಪೇಂಟಿಂಗ್‌ಗೆ ಇಷ್ಟು ರೂಪಾಯಿ, ಅದಕ್ಕಿಂತ ಹೆಚ್ಚಿಲ್ಲ’ ಎಂದು ಅಂಕಿಯಲ್ಲೇ ಬರೆಸಿ. ಸೇರುವ ದಿನವೇ ಹೊಸದಾಗಿ ಬಣ್ಣ ಬಳಿದಿರದಿದ್ದರೆ ಆ ಸಾಲನ್ನೇ ತೆಗೆಸಿ. ನೋಟಿಸ್ ಒಂದು ತಿಂಗಳೋ ಎರಡೋ, ಅಡ್ವಾನ್ಸ್ ವಾಪಸ್ ಕೀ ಕೊಡುವ ದಿನವೋ ಬೇರೆ ಬಾಡಿಗೆಯವರು ಬಂದ ಮೇಲೋ, ಇವೂ ಬರವಣಿಗೆಯಲ್ಲಿರಲಿ. ‘ಕೊನೆಯ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎಂದು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಮೆಸೇಜ್ ಹಾಕಿ, ಅವರಿಂದ ಒಪ್ಪಿಗೆ ಬಂದ ಮೇಲೆಯೇ ಬಾಡಿಗೆ ನಿಲ್ಲಿಸಿ.